ಸಂತ ಅಗಸ್ಟೀನನ ಆತ್ಮನಿವೇದನೆ

ಆಫ್ರಿಕಾ ಖಂಡದ ಉತ್ತರ ತೀರದಲ್ಲಿ ಅಲ್ಜೀರಿಯ ಎಂಬ ದೇಶವಿದೆ. ಅಲ್ಲಿಯ ಸೂಕ್ ಅಹ್ರಾಸ್ ಎಂಬ ಪಟ್ಟಣವು ಹದಿನಾರು ಶತಮಾನಗಳ ಹಿಂದೆ ರೋಮನ್ ಚಕ್ರಾಧಿಪತ್ಯಕ್ಕೆ ಒಳಪಟ್ಟ ತಗಾಸ್ತೆ ಎಂಬ ಸಣ್ಣ ಊರಾಗಿದ್ದಿತು. ಕ್ರಿ. ಶ. 354ನೆಯ ಇಸವಿಯ ನವೆಂಬರ್ 13ರಂದು ಆ ಊರಿನಲ್ಲಿ ಜನಿಸಿದ ಬಾಲಕನೊಬ್ಬನು ಮುಂದೆ ಕ್ರೈಸ್ತ ಜಗತ್ತಿನ ಮಹಾಗುರುಗಳಲ್ಲಿ ಒಬ್ಬನೆಂದು ಪ್ರಖ್ಯಾತನಾದನು. ಆತನೇ ಸಂತ ಅಗಸ್ಟೀನ. ಆತನ ಪಾಂಡಿತ್ಯವು ಅಪಾರವಾದುದು. ಆತನು ಬರೆದ ಗ್ರಂಥಗಳು ಒಂದು ಕಪಾಟಿನಲ್ಲಿ ಹಿಡಿಸಲಾರವು. ಆದರೆ ಇಲ್ಲಿ ನಾವು ಆ ಪಾಂಡಿತ್ಯವನ್ನು ವರ್ಣಿಸಲು ಹೊರಟಿಲ್ಲ. ತನ್ನ ತಪ್ಪುಗಳನ್ನು ಭಗವಂತನ ಮುಂದೆ ಬಿಚ್ಚಿಟ್ಟು, ಆತನ ಕರುಣೆಯನ್ನೇ ನೆಚ್ಚಿ ಬಾಳಿದ ಮನುಷ್ಯನೊಬ್ಬನ ಕಥೆಯೆಂದು ಆ ಜೀವನವನ್ನು ನೋಡಲೆಳಸುತ್ತೇವೆ.

ತಂದೆ ಪತ್ರೀಸಿಯಸನು ಸ್ವಲ್ಪ ಜಮೀನುಳ್ಳವನು, ಊರಿನ ಪುರಸಭೆಯ ಸದಸ್ಯನು, ಹಳೆಯ ರೋಮನ್ ದೇವತೆಗಳನ್ನು ನಂಬಿದ್ದವನು, ಮುಂಗೋಪಿ. ತಾಯಿ ಮೋನಿಕಾ ಕ್ರೈಸ್ತಳು, ಶಾಂತಸ್ವಭಾವದವಳು. ಪತ್ರೀಸಿಯಸನು ತನ್ನ ಕೊನೆಗಾಲದಲ್ಲಿ ಹೆಂಡತಿಯ ಧರ್ಮವನ್ನು ಸ್ವೀಕರಿಸಿದನು. ಮನೆಯಲ್ಲಿ ಸಿರಿವಂತಿಕೆಯಿರಲಿಲ್ಲ. ಆದರೂ ಮಗನು ಚೆನ್ನಾಗಿ ಓದಿ ಹೆಸರು ಗಳಿಸಬೇಕೆಂಬ ವಿಷಯದಲ್ಲಿ ಮಾತ್ರ ಗಂಡಹೆಂಡಿರಿಗೆ ಒಂದೇ ಮನಸ್ಸಿದ್ದಿತು.

ಅಗಸ್ಟೀನನು ಮಾಡಿದ ಮೊಟ್ಟಮೊದಲನೆಯ ಪ್ರಾರ್ಥನೆ ಯಾವುದೆಂಬುದನ್ನು ಕೇಳಿದರೆ ನಮ್ಮ ವಿದ್ಯಾರ್ಥಿ ಮಿತ್ರರಿಗೆ ನಗು ಬಂದೀತು. ಶಾಲೆಯಲ್ಲಿ ಪೆಟ್ಟು ಬೀಳದಿರಲೆಂಬುದೇ ಆ ಪ್ರಾರ್ಥನೆ! ಅಂದಿನ ಉಪಾಧ್ಯಾಯರು ಪಾಠಕ್ಕಿಂತ ಬೆತ್ತವನ್ನೇ ಹೆಚ್ಚಾಗಿ ನಂಬಿದ್ದರು. ಚೆಂಡಾಟದಲ್ಲಿ ಮೈಮರೆಯುತ್ತಿದ್ದ ಹುಡುಗನು ದಿನವೂ ಏಟು ತಿನ್ನಬೇಕಾಗುತ್ತಿದ್ದಿತು. ಆಗ ಆ ಪುಟ್ಟ ಬಾಲಕನು ತಾಯಿಯಿಂದ ಕೇಳಿದ್ದ ದೇವರ ಹೆಸರನ್ನು ಹಿಡಿದು, ಕಣ್ಣಿಗೆ ಕಾಣದಿದ್ದರೂ ಕೇಳಿಸಿಕೊಳ್ಳಬಲ್ಲವನು ಯಾರೋ ಇದ್ದಾನೆಂಬ ಭರವಸೆಯಿಂದ ಮೊರೆಯಿಡುತ್ತಿದ್ದನು. ಮೊರೆ ಫಲಿಸಲಿಲ್ಲ, ಬೆತ್ತ ನಿಲ್ಲಲಿಲ್ಲ. ಮಗನ ಬಾಸುಂಡೆಗಳನ್ನು ಕಂಡು ಹಿರಿಯರು ನಕ್ಕರು. ನಲವತ್ತು ವರ್ಷ ದಾಟಿದ ಮೇಲೆ, ಧರ್ಮಾಧ್ಯಕ್ಷನಾಗಿ ಗೌರವ ಪಡೆಯುತ್ತಿದ್ದ ದಿನಗಳಲ್ಲಿ, ಅಗಸ್ಟೀನನು ಈ ಸಣ್ಣ ಸಂಗತಿಯನ್ನು ಮರೆಯದೆ ಬರೆದಿಟ್ಟನು. ಮಕ್ಕಳ ಅಳಲನ್ನು ದೊಡ್ಡವರು ಹಗುರವಾಗಿ ತೆಗೆದುಕೊಳ್ಳುವ ಬಗೆ ಆತನಿಗೆ ಕೊನೆಯವರೆಗೂ ನೋವನ್ನುಂಟುಮಾಡುತ್ತಿದ್ದಿತೆಂದು ತೋರುತ್ತದೆ.

ಗ್ರೀಕ್ ಭಾಷೆಯೆಂದರೆ ಆತನಿಗೆ ತಲೆನೋವು. ಲ್ಯಾಟಿನ್ ಎಂದರೆ ಪ್ರಾಣ. ವರ್ಜಿಲ್ ಕವಿಯ ಮಹಾಕಾವ್ಯದಲ್ಲಿ ದೀದೋ ರಾಣಿಯು ವಿರಹದಿಂದ ಪ್ರಾಣ ಬಿಡುವ ಭಾಗವನ್ನೋದಿ ಬಾಲಕನು ಕಣ್ಣೀರು ಸುರಿಸುತ್ತಿದ್ದನು. ತನ್ನ ಆತ್ಮವು ದೇವರಿಂದ ದೂರವಾಗುತ್ತಿದ್ದುದಕ್ಕೆ ಒಂದು ಹನಿಯನ್ನೂ ಸುರಿಸದೆ ಕಥೆಯ ರಾಣಿಗಾಗಿ ಅತ್ತೆನಲ್ಲಾ ಎಂದು ಮುಂದೆ ಹಳಹಳಿಸಿದನು. ಈ ವಿಷಯದಲ್ಲಿ ನಾವು ಆತನೊಡನೆ ಪೂರ್ಣವಾಗಿ ಒಪ್ಪಲಾರೆವು. ಕಾವ್ಯವನ್ನೋದಿ ಅಳಬಲ್ಲ ಹೃದಯವೇ ಮುಂದೆ ಪ್ರಾರ್ಥನೆಯಲ್ಲಿಯೂ ಅತ್ತಿತೆಂಬುದು ನಮ್ಮ ಎಣಿಕೆ.

ತಗಾಸ್ತೆಯಲ್ಲಿ ಪ್ರಾರಂಭದ ಓದು ಮುಗಿಯಲು, ತಂದೆಯು ಮಗನನ್ನು ಮದೌರಸ್ ಎಂಬ ಹತ್ತಿರದ ಪಟ್ಟಣಕ್ಕೆ ಕಳುಹಿಸಿದನು. ಆದರೆ ಹದಿನಾರನೆಯ ವಯಸ್ಸಿನಲ್ಲಿ ಹಣ ಸಾಲದೆ ಓದು ನಿಂತುಹೋಗಿ, ಹುಡುಗನು ಒಂದು ವರ್ಷ ಊರಿನಲ್ಲಿ ಕೆಲಸವಿಲ್ಲದೆ ಅಲೆಯಬೇಕಾಯಿತು. ಆ ವರ್ಷ ನಡೆದುದೇ ಜಗತ್ಪ್ರಸಿದ್ಧವಾದ ಆ ಕಳ್ಳತನ. ಅವರ ದ್ರಾಕ್ಷಿಯ ತೋಟದ ಬಳಿಯಲ್ಲಿ ಬೇರೊಬ್ಬರ ಬೇರಿಕಾಯಿಯ ಮರವೊಂದಿದ್ದಿತು. (ಬೇರಿಕಾಯಿ ಎಂದರೆ ಈ ಮಹಾನಗರದ ಅಂಗಡಿಗಳಲ್ಲಿ ನಾಸಪತಿ ಎಂದು ಮಾರುವ ಹಣ್ಣು.) ಒಂದು ರಾತ್ರಿ ಅಗಸ್ಟೀನನೂ ಅವನ ಗೆಳೆಯರೂ ಸೇರಿ ಆ ಮರವನ್ನು ಅಲುಗಿಸಿ, ಕಾಯಿಗಳನ್ನು ಹೊರೆಹೊರೆಯಾಗಿ ಹೊತ್ತೊಯ್ದರು. ತಿನ್ನಲೆಂದೇ? ಅಲ್ಲ. ನೋಡಲು ಚೆಲುವಲ್ಲದ, ರುಚಿಯೂ ಇಲ್ಲದ ಕಾಯಿಗಳವು. ಒಂದೆರಡನ್ನು ಕಚ್ಚಿ, ಉಳಿದುದೆಲ್ಲವನ್ನೂ ಹಂದಿಗಳ ಮುಂದೆ ಸುರಿದರು. ಅದಕ್ಕಿಂತ ಒಳ್ಳೆಯ ಹಣ್ಣುಗಳು ಅಗಸ್ಟೀನನ ಮನೆಯಲ್ಲಿಯೇ ಇದ್ದುವು.

ಇಷ್ಟು ಅಲ್ಪವಾದ ಹುಡುಗಾಟಕ್ಕೆ ಅಗಸ್ಟೀನನು ತನ್ನ ಪುಸ್ತಕದಲ್ಲಿ ಪುಟಗಟ್ಟಲೆ ಸ್ಥಳ ಕೊಟ್ಟುದನ್ನು ಕಂಡು ಅನೇಕ ವಿದ್ವಾಂಸರು ಹುಬ್ಬೇರಿಸಿರುವರು. ಆದರೆ ಆತನನ್ನು ಕಾಡಿದುದು ಕಾಯಿಗಳ ಬೆಲೆಯಲ್ಲ. ಹಸಿವಿನಿಂದ ಕದ್ದವನಿಗೆ ಹಸಿವೆಂಬ ಕಾರಣವುಂಟು. ತನಗೆ ಯಾವ ಕಾರಣವಿದ್ದಿತು? ಕದಿಯಬಾರದೆಂಬುದೇ ಕದಿಯುವುದಕ್ಕೆ ರುಚಿಯಾಗಿದ್ದಿತು. ಒಬ್ಬನೇ ಇದ್ದಿದ್ದರೆ ಎಂದಿಗೂ ಕದಿಯುತ್ತಿರಲಿಲ್ಲ. ಗೆಳೆಯರ ನಗೆಯ ನಡುವೆ ನಾಚಿಕೆಯಿಲ್ಲದಿರುವುದೇ ದೊಡ್ಡಸ್ತಿಕೆಯೆನಿಸಿದ್ದಿತು. ಈ ಮಾತು ಇಂದಿನ ಯಾವ ಶಾಲೆಯ ಹುಡುಗನಿಗೆ ತಿಳಿಯದು? ಗಾಂಧೀಜಿಯವರು ಸುಮಾರು ಹದಿನೈದರ ವಯಸ್ಸಿನಲ್ಲಿ ಅಣ್ಣನ ಕೈಯ ಬಂಗಾರದ ಕಡಗದಿಂದ ಚೂರನ್ನು ಕದ್ದುದನ್ನೂ, ತಾಳಲಾರದೆ ತಪ್ಪನ್ನು ಚೀಟಿಯಲ್ಲಿ ಬರೆದು ರೋಗಶಯ್ಯೆಯಲ್ಲಿದ್ದ ತಂದೆಯ ಕೈಗೆ ಕೊಟ್ಟುದನ್ನೂ ನಾವು ಅವರ ಆತ್ಮಕಥೆಯಲ್ಲಿ ಓದಿದ್ದೇವೆ. ತಂದೆಯು ಹೊಡೆಯಲಿಲ್ಲ, ಬೈಯಲಿಲ್ಲ. ಕಣ್ಣೀರಿಟ್ಟು ಚೀಟಿಯನ್ನು ಹರಿದುಹಾಕಿದರು. ಬಾಲಕ ಮೋಹನದಾಸನಿಗೆ ಆ ಕಣ್ಣೀರು ಅಂದೇ ದೊರೆಯಿತು. ಅಗಸ್ಟೀನನು ತನ್ನ ಚೀಟಿಯನ್ನು ಬರೆಯಲು ಇನ್ನೂ ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಕಾಯಬೇಕಾಗಿದ್ದಿತು.

ಊರಿನ ಶ್ರೀಮಂತನಾದ ರೊಮಾನಿಯಾನಸನ ಸಹಾಯದಿಂದ ಅಗಸ್ಟೀನನು ಹದಿನೇಳನೆಯ ವಯಸ್ಸಿಗೆ ಕಾರ್ಥೇಜ್ ಮಹಾನಗರವನ್ನು ಸೇರಿದನು. ಅಷ್ಟರಲ್ಲಿಯೇ ತಂದೆಯು ತೀರಿಕೊಂಡನು. ಕಾರ್ಥೇಜಿನಲ್ಲಿ ನಾಟಕಶಾಲೆಗಳ ಸೆಳೆತ, ದುಂಡುಗಾರ ಸಹಪಾಠಿಗಳ ಸಹವಾಸ. ಅಲ್ಲಿಯೇ ಆತನು ವಿವಾಹವಿಲ್ಲದೆ ಒಬ್ಬ ಸ್ತ್ರೀಯೊಡನೆ ಸಂಸಾರ ಹೂಡಿದನು. ಸುಮಾರು 372ರಲ್ಲಿ ಅವರಿಗೆ ಗಂಡುಮಗು ಹುಟ್ಟಿತು. ಅಡಿಯೋದಾತಸ್, ಎಂದರೆ ದೇವರು ಕೊಟ್ಟವನು, ಎಂದು ಹೆಸರಿಟ್ಟರು. ದೇವದತ್ತ ಎಂದರೆ ನಮಗೆ ಇನ್ನೂ ಹತ್ತಿರವಾದೀತು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಿಸೆರೋ ಬರೆದ ಹೊರ್ಟೆನ್ಸಿಯಸ್ ಎಂಬ ಗ್ರಂಥವು ಕೈಗೆ ಬಂದಿತು. ಈಗ ಆ ಗ್ರಂಥವು ನಷ್ಟವಾಗಿದೆ. ಬಿಡಿ ತುಣುಕುಗಳು ಮಾತ್ರ ಉಳಿದಿವೆ. ಅದನ್ನೋದಿದ ಮೇಲೆ ಕೀರ್ತಿ ಧನಗಳಿಗಿಂತ ಸತ್ಯಜ್ಞಾನವೇ ಮಿಗಿಲೆಂದು ತರುಣನಿಗೆ ತೋರಿತು. ಸತ್ಯವನ್ನರಸುತ್ತ ಬೈಬಲನ್ನು ತೆರೆದು ನೋಡಿದನು. ಅದರ ಸರಳ ಶೈಲಿಯು ಅಲಂಕಾರಪ್ರಿಯನಾದ ಆತನಿಗೆ ಸಪ್ಪೆಯೆನಿಸಿತು. ಆಗ ಆತನನ್ನು ಸೆಳೆದುದು ಮಾನಿ ಎಂಬ ಪಾರಸೀಕ ಗುರುವಿನ ಪಂಥ. ಬೆಳಕು ಕತ್ತಲೆಗಳೆಂಬ ಎರಡು ಅನಾದಿ ಶಕ್ತಿಗಳು ಲೋಕದಲ್ಲಿ ಹೋರಾಡುತ್ತಿವೆ. ಮನುಷ್ಯನಲ್ಲಿ ಪಾಪ ಮಾಡುವುದು ಅವನ ನಿಜವಾದ ಆತ್ಮವಲ್ಲ, ಒಳಗೆ ಸಿಕ್ಕಿಕೊಂಡ ಕತ್ತಲೆಯ ಅಂಶ. ಇದು ಆ ಪಂಥದ ಬೋಧನೆ. ಒಂಬತ್ತು ವರ್ಷಗಳ ಕಾಲ ಅಗಸ್ಟೀನನು ಇದನ್ನು ಹಿಡಿದಿದ್ದನು.

ಈ ಬೋಧನೆಯು ಆತನಿಗೆ ಏಕೆ ಹಿತವಾಗಿದ್ದಿತೆಂಬುದನ್ನು ಸ್ವಲ್ಪ ನಿಂತು ನೋಡಬೇಕು. ತಪ್ಪು ಮಾಡಿದವನು ನಾನಲ್ಲ, ನನ್ನೊಳಗಿನ ಮತ್ತಾವುದೋ ಶಕ್ತಿ ಎಂದಾದ ಮೇಲೆ ಒಪ್ಪಿಕೊಳ್ಳುವುದಕ್ಕೆ ಏನು ಉಳಿಯಿತು? ಕ್ಷಮೆ ಬೇಡುವವನಾರು? ಅಹಂಕಾರಕ್ಕೆ ಇದಕ್ಕಿಂತ ಮೆತ್ತನೆಯ ಹಾಸಿಗೆಯಿಲ್ಲ. ಆದರೆ ರೋಗ ತನ್ನದಲ್ಲವೆಂದು ಸಾಧಿಸುವವನು ವೈದ್ಯನ ಬಳಿಗೆ ಹೋಗುವುದಾದರೂ ಹೇಗೆ? ಅಗಸ್ಟೀನನು ತಾನೇ ಮುಂದೆ ಈ ಮರ್ಮವನ್ನು ಕಂಡುಕೊಂಡು, ನಿರ್ದೋಷಿಯೆನಿಸಿಕೊಳ್ಳುವ ಆಸೆಯೇ ತನ್ನನ್ನು ಬಹುಕಾಲ ಗುಣವಾಗಗೊಡಲಿಲ್ಲವೆಂದು ಬರೆದನು. ಹರೆಯದಲ್ಲಿ ಆತನು ಶುದ್ಧ ಜೀವನವನ್ನು ಕರುಣಿಸೆಂದು ದೇವರನ್ನು ಬೇಡುತ್ತಿದ್ದುದೂ ಉಂಟು. ಆದರೆ ಎಲ್ಲಿ ಒಡನೆಯೇ ಕರುಣಿಸಿಬಿಡುವನೋ ಎಂಬ ಅಂಜಿಕೆಯೂ ಆ ಬೇಡಿಕೆಯ ಜೊತೆಗೇ ಇರುತ್ತಿದ್ದಿತು! ಇಂಥ ಪ್ರಾರ್ಥನೆಯನ್ನು ಮಾಡದವರು ವಿರಳ. ಮಾಡಿದೆನೆಂದು ಒಪ್ಪಿಕೊಂಡವರು ಇನ್ನೂ ವಿರಳ.

ಇತ್ತ ಮೋನಿಕೆಯು ಮಗನಿಗಾಗಿ ಹಗಲಿರುಳು ಕಣ್ಣೀರಿಡುತ್ತಿದ್ದಳು. ಒಬ್ಬ ಧರ್ಮಾಧ್ಯಕ್ಷನ ಬಳಿಗೆ ಹೋಗಿ, ಮಗನೊಡನೆ ವಾದ ಮಾಡಿ ಅವನನ್ನು ತಿದ್ದಬೇಕೆಂದು ಅಂಗಲಾಚಿದಳು. ಆತನು ತಾನೇ ಬಾಲ್ಯದಲ್ಲಿ ಮಾನಿಯ ಪಂಥದಲ್ಲಿ ಬೆಳೆದು ಹೊರಬಂದವನು. ವಾದದಿಂದ ಪ್ರಯೋಜನವಿಲ್ಲ, ಪ್ರಾರ್ಥನೆಯನ್ನು ಬಿಡಬೇಡ ಎಂದು ಹೇಳಿ ಆಕೆಯನ್ನು ಸಮಾಧಾನಪಡಿಸಿದನು.

ಅಗಸ್ಟೀನನು ತಗಾಸ್ತೆಯಲ್ಲಿ ವ್ಯಾಕರಣದ, ಅನಂತರ ಕಾರ್ಥೇಜಿನಲ್ಲಿ ಅಲಂಕಾರಶಾಸ್ತ್ರದ ಉಪಾಧ್ಯಾಯನಾದನು. ಕಾರ್ಥೇಜಿನ ವಿದ್ಯಾರ್ಥಿಗಳ ಪುಂಡಾಟಿಕೆಯನ್ನು ತಾಳಲಾರದೆ 383ರಲ್ಲಿ ರೋಮಿಗೆ ಹೊರಟನು. ಹೋಗಬೇಡವೆಂದು ತಾಯಿಯು ಸಮುದ್ರತೀರದವರೆಗೂ ಹಿಂಬಾಲಿಸಿ ಬಂದಳು. ಗೆಳೆಯನನ್ನು ಬೀಳ್ಕೊಡಲು ಬಂದಿದ್ದೇನೆಂದು ಮಗನು ಸುಳ್ಳಾಡಿದನು. ಬಂದರಿನ ಬಳಿಯ ಸಂತ ಸಿಪ್ರಿಯನ ಗುಡಿಯಲ್ಲಿ ಆಕೆ ರಾತ್ರಿಯನ್ನು ಕಳೆಯುವಂತೆ ಮಾಡಿ, ಕತ್ತಲಲ್ಲಿ ತಾನು ಹಡಗನ್ನೇರಿದನು. ಬೆಳಿಗ್ಗೆ ತಾಯಿ ತೀರಕ್ಕೆ ಬಂದಾಗ ಹಡಗು ಮರೆಯಾಗಿದ್ದಿತು. ಆ ರಾತ್ರಿಯೆಲ್ಲಾ ಆಕೆ ಬೇಡಿಕೊಂಡುದು ಮಗನು ಹಡಗನ್ನೇರದಿರಲೆಂದು. ಆ ಪ್ರಾರ್ಥನೆಯನ್ನು ದೇವರು ಅಂದು ನಡೆಸಿಕೊಡಲಿಲ್ಲ. ಆಕೆ ಬಾಳೆಲ್ಲಾ ಬೇಡುತ್ತಿದ್ದ ದೊಡ್ಡ ಬೇಡಿಕೆಯನ್ನು ಈಡೇರಿಸಲೆಂದೇ ಆ ಸಣ್ಣ ಬೇಡಿಕೆಯನ್ನು ತಳ್ಳಿಹಾಕಿದನೆಂದು ಅಗಸ್ಟೀನನು ಮುಂದೆ ಅರ್ಥಮಾಡಿಕೊಂಡನು. ಆದರೂ ಸುಳ್ಳು ಸುಳ್ಳೇ. ಆತನು ಅದನ್ನು ಸುಳ್ಳೆಂದೇ ಬರೆದಿಟ್ಟನು.

ರೋಮಿನ ವಿದ್ಯಾರ್ಥಿಗಳು ಪುಂಡರಲ್ಲ, ಚತುರರು. ವೇತನ ಕೊಡುವ ಕಾಲ ಬಂದೊಡನೆ ಎಲ್ಲರೂ ಮಾತಾಡಿಕೊಂಡು ಬೇರೊಬ್ಬ ಗುರುವಿನ ಶಾಲೆಗೆ ಹೊರಟುಹೋಗುತ್ತಿದ್ದರು! ಮರುವರ್ಷ, ಎಂದರೆ 384ರಲ್ಲಿ, ಆಗಿನ ರಾಜಧಾನಿಯಾದ ಮಿಲಾನ್ ನಗರದಲ್ಲಿ ಸರಕಾರದ ವೇತನದ ಅಧ್ಯಾಪಕ ಪದವಿಯು ದೊರೆಯಿತು. ಮೂವತ್ತು ವರ್ಷದ ಪ್ರಾಯದಲ್ಲಿ ಹಳ್ಳಿಯ ಹುಡುಗನು ಅರಮನೆಯ ಬಾಗಿಲಿಗೆ ಬಂದು ನಿಂತಿದ್ದನು. ಒಂದು ದಿನ ಚಕ್ರವರ್ತಿಯ ಮುಂದೆ ಸ್ತುತಿಭಾಷಣ ಮಾಡಬೇಕಾಗಿದ್ದಿತು. ಅದರಲ್ಲಿ ಸುಳ್ಳುಗಳೇ ತುಂಬಿದ್ದುವು. ಸುಳ್ಳೆಂದು ಬಲ್ಲವರೇ ಚಪ್ಪಾಳೆ ತಟ್ಟುವವರಿದ್ದರು. ಆ ಚಿಂತೆಯಲ್ಲಿ ಬೀದಿಯಲ್ಲಿ ನಡೆಯುತ್ತಿರುವಾಗ ಕುಡಿದು ನಗುತ್ತಿದ್ದ ಭಿಕ್ಷುಕನೊಬ್ಬನು ಕಣ್ಣಿಗೆ ಬಿದ್ದನು. ಕೆಲವು ಕಾಸಿನಲ್ಲಿ ಅವನು ಪಡೆದ ಸಂತೋಷವನ್ನು ನಾನು ಇಷ್ಟು ವರ್ಷ ಒದ್ದಾಡಿಯೂ ಪಡೆಯಲಿಲ್ಲವಲ್ಲಾ ಎಂದು ಅಗಸ್ಟೀನನು ಜೊತೆಗಾರರೊಡನೆ ನಿಟ್ಟುಸಿರಿಟ್ಟನು.

ಮಿಲಾನಿನ ಧರ್ಮಾಧ್ಯಕ್ಷನು ಅಂಬ್ರೋಸ. ಆತನ ವಾಕ್ಚಾತುರ್ಯವನ್ನು ಪರೀಕ್ಷಿಸಲೆಂದು ಅಗಸ್ಟೀನನು ಉಪನ್ಯಾಸಗಳಿಗೆ ಹೋಗತೊಡಗಿದನು. ಮಾತಿನ ಸೊಗಸಿಗೆಂದು ತೆರೆದ ಕಿವಿಯೊಳಗೆ ಅರ್ಥವೂ ನುಸುಳಿತು. ಸಪ್ಪೆಯೆಂದು ಬದಿಗಿಟ್ಟ ಬೈಬಲಿಗೆ ಆಳವಾದ ಅರ್ಥಗಳಿವೆಯೆಂದು ತಿಳಿಯಿತು. ಅಷ್ಟರಲ್ಲಿ ಮೋನಿಕೆಯೂ ಸಮುದ್ರವನ್ನು ದಾಟಿ ಮಗನಿದ್ದಲ್ಲಿಗೆ ಬಂದಳು. ಮಗನಿಗೆ ಅನುಕೂಲಸ್ಥರ ಮನೆಯ ಕನ್ಯೆಯನ್ನು ಗೊತ್ತುಮಾಡಲಾಯಿತು. ಕನ್ಯೆಯು ಇನ್ನೂ ಚಿಕ್ಕವಳಾದುದರಿಂದ ಎರಡು ವರ್ಷ ಕಾಯಬೇಕಾಗಿದ್ದಿತು. ಆ ಸಂಬಂಧಕ್ಕೆ ಅಡ್ಡಿಯೆಂದು, ಅನೇಕ ವರ್ಷ ಜೊತೆಯಲ್ಲಿ ಬಾಳಿ ಮಗನನ್ನು ಹೆತ್ತುಕೊಟ್ಟ ಸ್ತ್ರೀಯನ್ನು ಆಫ್ರಿಕಾಕ್ಕೆ ಹಿಂದಿರುಗಿಸಿಬಿಟ್ಟರು. ಇನ್ನಾವ ಪುರುಷನನ್ನೂ ಸೇರೆನೆಂದು ದೇವರ ಮುಂದೆ ಮಾತು ಕೊಟ್ಟು, ಮಗನನ್ನು ತಂದೆಯ ಬಳಿಯಲ್ಲಿ ಬಿಟ್ಟು ಆಕೆ ಹೊರಟುಹೋದಳು. ಅಗಸ್ಟೀನನ ಎದೆಗೆ ಗಾಯವಾಗಿ ರಕ್ತ ಸೋರಿತು. ಆದರೂ ಕಾಯುವ ತಾಳ್ಮೆಯಿಲ್ಲದೆ ಆತನು ಬೇರೊಬ್ಬಳೊಡನೆ ಸಂಬಂಧ ಬೆಳೆಸಿದನು. ಆಕೆಗಿದ್ದ ಸ್ಥೈರ್ಯವು ತನಗಿರಲಿಲ್ಲವೆಂಬುದನ್ನು ಆತನೇ ಬರೆದಿದ್ದಾನೆ. ಅನೇಕರ ಹೆಸರನ್ನು ಹೇಳುವ ಆ ಪುಸ್ತಕದಲ್ಲಿ ಆಕೆಯ ಹೆಸರಿಲ್ಲ. ಆತನ ಜೀವನದಲ್ಲಿ ನಮ್ಮ ಮನಸ್ಸಿಗೆ ಹೆಚ್ಚು ನೋವನ್ನುಂಟುಮಾಡುವ ಸಂಗತಿ ಇದೇ. ಗೊತ್ತುಮಾಡಿದ್ದ ವಿವಾಹವೂ ಮುಂದೆ ನಡೆಯಲಿಲ್ಲ.

386ನೆಯ ಇಸವಿಯ ಬೇಸಗೆಯ ಕೊನೆ. ಈ ವೇಳೆಗೆ ಬುದ್ಧಿಯ ಸಂಶಯಗಳೆಲ್ಲ ಬಹುಮಟ್ಟಿಗೆ ಪರಿಹಾರವಾಗಿದ್ದುವು. ಉಳಿದುದು ಮನಸ್ಸಿನ ಗಂಟು. ಪೊಂಟಿಸಿಯಾನಸ್ ಎಂಬ ಪರಿಚಿತನೊಬ್ಬನು ಮನೆಗೆ ಬಂದು, ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದ ಸಂತ ಆಂಟನಿಯ ಕಥೆಯನ್ನೂ, ಅದನ್ನೋದಿ ಅಧಿಕಾರವನ್ನು ತೊರೆದ ಇಬ್ಬರು ರಾಜಸೇವಕರ ಕಥೆಯನ್ನೂ ಹೇಳಿದನು. ಕೇಳುತ್ತ ಕೇಳುತ್ತ ಅಗಸ್ಟೀನನು ತನ್ನ ಮುಖವನ್ನು ತಾನೇ ಕಂಡಂತಾಗಿ ತಲ್ಲಣಗೊಂಡನು. ಗೆಳೆಯ ಅಲಿಪಿಯಸನೊಡನೆ ಮನೆಯ ತೋಟಕ್ಕೆ ಹೋದನು. ಕೈಯನ್ನೆತ್ತೆಂದು ಮನಸ್ಸು ಹೇಳಿದರೆ ಕೈ ಏಳುತ್ತದೆ. ಬದಲಾಗೆಂದು ಮನಸ್ಸು ತನಗೆ ತಾನೇ ಹೇಳಿಕೊಂಡರೆ ಕೇಳುವುದಿಲ್ಲ! ಈ ವಿಚಿತ್ರವನ್ನು ಯೋಚಿಸುತ್ತ ಕೂದಲನ್ನು ಕಿತ್ತುಕೊಂಡನು, ಹಣೆಯನ್ನು ಬಡಿದುಕೊಂಡನು. ಕೊನೆಗೆ ಗೆಳೆಯನನ್ನು ಬಿಟ್ಟು ಒಂದು ಅಂಜೂರದ ಮರದಡಿಯಲ್ಲಿ ಬಿದ್ದು ಗಟ್ಟಿಯಾಗಿ ಅತ್ತನು. ಇನ್ನೆಷ್ಟು ದಿನ ನಾಳೆಯೆನ್ನಲಿ ಎಂಬುದೇ ಆ ಅಳುವಿನ ಸಾರ. ಆಗ ಪಕ್ಕದ ಮನೆಯ ಕಡೆಯಿಂದ ಮಗುವಿನ ದನಿಯೊಂದು ಓದೆಂದು ಹೇಳುವ ಮಾತನ್ನು ಹಾಡಿನಂತೆ ಮತ್ತೆಮತ್ತೆ ಹೇಳುತ್ತಿದ್ದುದು ಕೇಳಿಸಿತು. ಅದು ತನಗೆ ಬಂದ ಆಜ್ಞೆಯೆಂದು ಬಗೆದು, ಸಂತ ಪೌಲನ ಪತ್ರಗಳ ಪುಸ್ತಕವನ್ನು ತೆರೆದು ಕಣ್ಣಿಗೆ ಬಿದ್ದ ಭಾಗವನ್ನೋದಿದನು. ರೋಮಿನವರಿಗೆ ಬರೆದ ಪತ್ರದಲ್ಲಿ ಭೋಗಜೀವನವನ್ನು ಬಿಡಬೇಕೆಂದು ಹೇಳುವ ಭಾಗವದು. ಮುಂದೆ ಓದುವ ಅಗತ್ಯವಿರಲಿಲ್ಲ. ಒಳಗೆ ಹೋಗಿ ತಾಯಿಗೆ ತಿಳಿಸಿದರು. ಆಕೆಯ ಹರ್ಷಕ್ಕೆ ಮೇರೆಯಿರಲಿಲ್ಲ.

ಇದನ್ನು ಪವಾಡವೆನ್ನಬೇಕೆ, ಆಕಸ್ಮಿಕವೆನ್ನಬೇಕೆ ಎಂಬ ಚರ್ಚೆಗೆ ನಾವು ಇಳಿಯುವುದಿಲ್ಲ. ಸ್ವಂತ ಶಕ್ತಿಯನ್ನೆಲ್ಲ ಪ್ರಯೋಗಿಸಿ ಸೋತ ಮೇಲೆ, ಸೋತೆನೆಂದು ಕಣ್ಣೀರಿನಿಂದ ಹೇಳಿಕೊಂಡ ಮೇಲೆಯೇ ಆತನಿಗೆ ಬಿಡುಗಡೆ ದೊರೆಯಿತೆಂಬುದನ್ನು ಮಾತ್ರ ಗಮನಿಸುತ್ತೇವೆ. ಅಧ್ಯಾಪಕ ಪದವಿಗೆ ರಾಜೀನಾಮೆ ಕೊಟ್ಟು, 387ರ ಈಸ್ಟರ್ ಹಬ್ಬದ ರಾತ್ರಿ ಮಗ ಅಡಿಯೋದಾತಸ್ ಮತ್ತು ಅಲಿಪಿಯಸರೊಡನೆ ಅಂಬ್ರೋಸನಿಂದ ದೀಕ್ಷಾಸ್ನಾನ ಪಡೆದನು.

ಊರಿಗೆ ಹಿಂದಿರುಗಲೆಂದು ಎಲ್ಲರೂ ರೋಮಿನ ಬಂದರಾದ ಓಸ್ಟಿಯಾಕ್ಕೆ ಬಂದು ಹಡಗಿಗಾಗಿ ಕಾಯುತ್ತಿದ್ದರು. ಅಲ್ಲಿ ಮೋನಿಕೆಯು ಜ್ವರಕ್ಕೆ ತುತ್ತಾಗಿ ಒಂಬತ್ತನೆಯ ದಿನ ಕಣ್ಣು ಮುಚ್ಚಿದಳು. ಆಕೆಗೆ 56 ವರ್ಷ. ಮಗನಿಗೆ ಮೂವತ್ತಮೂರನೆಯ ವರ್ಷ ನಡೆಯುತ್ತಿದ್ದಿತು. ಊರಿನಲ್ಲಿ ಗಂಡನ ಪಕ್ಕದಲ್ಲಿ ಮಣ್ಣಾಗಬೇಕೆಂದು ಮೊದಲು ಹಂಬಲಿಸುತ್ತಿದ್ದವಳು, ದೇಹವನ್ನು ಎಲ್ಲಿ ಬೇಕಾದರೂ ಇಡಿರಿ, ದೇವರ ಪೂಜೆಯ ವೇಳೆಯಲ್ಲಿ ನನ್ನನ್ನು ನೆನೆದರೆ ಸಾಕು ಎಂದಳು. ಅಗಸ್ಟೀನನು ಶವಸಂಸ್ಕಾರದಲ್ಲಿ ಅಳು ಬಾರದಂತೆ ತುಟಿ ಕಚ್ಚಿ ನಿಂತನು. ಸ್ನಾನ ಮಾಡಿದರೆ ದುಃಖ ತೊಳೆದುಹೋದೀತೆಂದು ಸ್ನಾನ ಮಾಡಿದನು, ಹೋಗಲಿಲ್ಲ. ನಿದ್ರೆ ಮಾಡಿ ಎದ್ದು, ಒಬ್ಬನೇ ಹಾಸಿಗೆಯಲ್ಲಿದ್ದಾಗ, ಕಟ್ಟಿಹಿಡಿದ ಕಣ್ಣೀರನ್ನು ಹರಿಯಬಿಟ್ಟನು. ಅನಂತರ ಆತನು ಮಾಡಿದ ಪ್ರಾರ್ಥನೆ ನಮ್ಮನ್ನು ಬೆರಗುಗೊಳಿಸುತ್ತದೆ. ತಾಯಿಯ ಪುಣ್ಯಕಾರ್ಯಗಳನ್ನು ಆತನು ಲೆಕ್ಕ ಹಾಕಿ ಒಪ್ಪಿಸಲಿಲ್ಲ. ಎಷ್ಟೇ ಸದಾಚಾರಿಯಾಗಿದ್ದರೂ ಆಕೆಯೂ ಮನುಷ್ಯಳು, ಆಕೆಯ ಸಾಲವನ್ನೂ ಮನ್ನಿಸಬೇಕು ಎಂದು ಬೇಡಿದನು. ಮೋನಿಕೆಯಂಥವಳಿಗೂ ಕರುಣೆಯೇ ಗತಿಯೆಂದ ಮೇಲೆ ಉಳಿದವರ ಮಾತೇನು! ತನ್ನ ಪುಸ್ತಕವನ್ನೋದುವವರು ಮೋನಿಕೆಯನ್ನೂ ಪತ್ರೀಸಿಯಸನನ್ನೂ ಪ್ರಾರ್ಥನೆಯಲ್ಲಿ ನೆನೆಯಬೇಕೆಂದು ಬೇಡಿಕೊಂಡನು.

388ರಲ್ಲಿ ತಗಾಸ್ತೆಗೆ ಮರಳಿ, ಗೆಳೆಯರೊಡನೆ ಅಧ್ಯಯನ ಧ್ಯಾನಗಳಲ್ಲಿ ಕಾಲ ಕಳೆಯುತ್ತಿರಲು ಅಡಿಯೋದಾತಸನು ಹದಿಹರೆಯದಲ್ಲಿಯೇ ತೀರಿಕೊಂಡನು. ಅತ್ಯಂತ ಚುರುಕುಬುದ್ಧಿಯ ಹುಡುಗ. ತಂದೆಮಕ್ಕಳ ಸಂವಾದರೂಪದ ಗ್ರಂಥವೊಂದು ಇಂದಿಗೂ ಉಳಿದಿದೆ. ಅದರಲ್ಲಿಯ ಮಗನ ಮಾತುಗಳೆಲ್ಲ ನಿಜವಾಗಿಯೂ ಅವನವೇ ಎಂದು ತಂದೆಯು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ.

391ರಲ್ಲಿ ಅಗಸ್ಟೀನನು ಹಿಪ್ಪೋ ಎಂಬ ಬಂದರಿಗೆ ಯಾವುದೋ ಕೆಲಸಕ್ಕೆಂದು ಹೋದಾಗ, ಚರ್ಚಿನಲ್ಲಿ ನೆರೆದ ಜನರು ಆತನನ್ನು ಹಿಡಿದು ವೃದ್ಧ ಧರ್ಮಾಧ್ಯಕ್ಷ ವಲೇರಿಯಸನ ಮುಂದೆ ನಿಲ್ಲಿಸಿ, ಪಾದ್ರಿಯಾಗಲೇಬೇಕೆಂದು ಹಟ ಹಿಡಿದರು. ಆತನು ಕಣ್ಣೀರಿಟ್ಟನು. ದೊಡ್ಡ ಪದವಿ ಸಿಗಲಿಲ್ಲವೆಂದು ಅಳುತ್ತಿರುವನೆಂದು ತಿಳಿದ ಕೆಲವರು, ಚಿಂತಿಸಬೇಡ, ಅದೂ ಬಂದೀತು ಎಂದು ಸಂತೈಸಿದರಂತೆ! ಕೆಲವು ವರ್ಷಗಳಲ್ಲಿ ಅದೂ ಬಂದಿತು. ಇಂದು ಅನ್ನಾಬಾ ಎನಿಸಿಕೊಳ್ಳುವ ಆ ಊರಿನಲ್ಲಿ ಆತನು ಮೂವತ್ತಕ್ಕೂ ಮಿಕ್ಕ ವರ್ಷ ಧರ್ಮಾಧ್ಯಕ್ಷನಾಗಿದ್ದನು.

ಈ ಪದವಿಯಲ್ಲಿದ್ದುಕೊಂಡೇ, 397ರ ಸುಮಾರಿಗೆ, ಆತನು ಕನ್ಫೆಷನ್ಸ್ ಎಂಬ ಗ್ರಂಥವನ್ನಾರಂಭಿಸಿದನು. ಅದು ಹದಿಮೂರು ಅಧ್ಯಾಯಗಳ ಒಂದೇ ದೀರ್ಘ ಪ್ರಾರ್ಥನೆ. ಓದುಗನನ್ನು ಉದ್ದೇಶಿಸಿ ಬರೆದುದಲ್ಲ. ಮೊದಲಿನಿಂದ ಕೊನೆಯವರೆಗೆ ದೇವರನ್ನೇ ಸಂಬೋಧಿಸಿ ಬರೆದುದು. ವಚನಗಳನ್ನೂ ದಾಸರ ಪದಗಳನ್ನೂ ಮನೆಯಲ್ಲಿ ಕೇಳಿ ಬೆಳೆದ ನಮಗೆ, ಭಕ್ತನು ದೇವರ ಇದಿರಿನಲ್ಲಿ ತನ್ನ ಕುಂದುಗಳನ್ನು ತಾನೇ ಎಣಿಸುವ ಈ ರೀತಿ ಅಪರಿಚಿತವಲ್ಲ. ಆ ಲ್ಯಾಟಿನ್ ಪದಕ್ಕೆ ಎರಡು ಅರ್ಥಗಳಿವೆ. ತಪ್ಪನ್ನು ಒಪ್ಪಿಕೊಳ್ಳುವುದು ಒಂದು, ದೇವರನ್ನು ಕೊಂಡಾಡುವುದು ಇನ್ನೊಂದು. ಅಗಸ್ಟೀನನಿಗೆ ಇವೆರಡೂ ಬೇರೆಬೇರೆಯಾಗಿರಲಿಲ್ಲ. ಗಾಯವನ್ನು ತೋರಿಸುವುದೂ ವೈದ್ಯನನ್ನು ಹೊಗಳುವುದೂ ಒಂದೇ ಮಾತಿನಲ್ಲಿ ನಡೆಯುತ್ತಿದ್ದುವು.

ಸರ್ವಜ್ಞನಾದ ದೇವರಿಗೆ ನಾವು ಹೊಸದಾಗಿ ಹೇಳುವುದೇನಿದೆ ಎಂಬ ಪ್ರಶ್ನೆ ಏಳುತ್ತದೆ. ಅಗಸ್ಟೀನನಿಗೂ ಎದ್ದಿತು. ತಾನು ಬಾಯಿ ಮುಚ್ಚಿಕೊಂಡರೆ ದೇವರಿಗೆ ಏನೂ ಮರೆಯಾಗುವುದಿಲ್ಲ; ದೇವರೇ ತನಗೆ ಮರೆಯಾಗುವನು ಎಂಬುದು ಆತನ ಉತ್ತರದ ತಾತ್ಪರ್ಯ. ಮಗುವು ಜಾರಿಬಿದ್ದುದನ್ನು ತಾಯಿ ಕಂಡಿರುತ್ತಾಳೆ. ಆದರೂ ಮಗು ಓಡಿಬಂದು ಹೇಳಿಕೊಳ್ಳುವುದು ಸುದ್ದಿ ಮುಟ್ಟಿಸಲೆಂದಲ್ಲ, ನಂಬಿಕೆಯಿಂದ. ಹಾಗಾದರೆ ಜನರಿಗೆ ಕೇಳಿಸುವಂತೆ ಬರೆಯಬೇಕಾದುದೇಕೆ? ವಿರೋಧಿಗಳು ಆತನ ಪೂರ್ವಜೀವನವನ್ನು ಎತ್ತಿ ಆಡಲು ಕಾಯುತ್ತಿದ್ದ ಕಾಲವದು. ತಾನೇ ಅವರ ಕೈಗೆ ಕೋಲು ಕೊಟ್ಟಂತಾಯಿತು. ತನ್ನಂತೆಯೇ ಬಿದ್ದು ಹತಾಶರಾದವರು ಇದನ್ನೋದಿ ಕರುಣೆಯಲ್ಲಿ ಭರವಸೆಯಿಡಲೆಂದು ಆತನು ಆ ಅಪಾಯವನ್ನು ಲಕ್ಷಿಸಲಿಲ್ಲ.

ಹತ್ತನೆಯ ಅಧ್ಯಾಯವನ್ನು ನಾವು ಎಲ್ಲಕ್ಕಿಂತ ಧೈರ್ಯದ ಭಾಗವೆಂದು ಎಣಿಸುತ್ತೇವೆ. ಹಳೆಯ ತಪ್ಪನ್ನು ಹೇಳಿಕೊಳ್ಳುವುದು ಅಷ್ಟು ಕಷ್ಟವಲ್ಲ. ಅದರಲ್ಲಿ ಈಗ ನಾನು ಒಳ್ಳೆಯವನೆಂಬ ಜಂಬವೂ ಅಡಗಿರಬಹುದು. ಅಗಸ್ಟೀನನು ಬರೆಯುತ್ತಿದ್ದ ದಿನದಲ್ಲಿಯೂ ತನ್ನಲ್ಲಿದ್ದ ದೌರ್ಬಲ್ಯಗಳನ್ನು ಹೇಳಿಕೊಂಡನು. ಊಟದಲ್ಲಿ ಹಸಿವು ತೀರಿಸುವುದು ಎಲ್ಲಿ ಮುಗಿದು ರುಚಿಯ ಆಸೆ ಎಲ್ಲಿ ಮೊದಲಾಗುವುದೋ ತಿಳಿಯದು. ಗಾಯನ ಕೇಳುವಾಗ ಹಾಡಿನ ಅರ್ಥಕ್ಕಿಂತ ರಾಗವೇ ಮನಸ್ಸನ್ನೆಳೆಯುವುದು. ಮನೆಯಲ್ಲಿ ಕುಳಿತಾಗ ಹಲ್ಲಿಯು ನೊಣವನ್ನು ಹಿಡಿಯುವುದನ್ನು, ಜೇಡವು ಬಲೆಯಲ್ಲಿ ಸುತ್ತುವುದನ್ನು ನೋಡುತ್ತ ಮನಸ್ಸು ಧ್ಯಾನದಿಂದ ಜಾರುವುದು. ಜನರ ಹೊಗಳಿಕೆ ಸಿಹಿಯೆನಿಸುವುದು. ಹೊಗಳಿಕೆಯನ್ನು ತಿರಸ್ಕರಿಸಿದೆನೆಂಬ ಹೆಮ್ಮೆಯೂ ಇನ್ನೊಂದು ಬಲೆಯಾಗುವುದು. ಇದೆಲ್ಲವನ್ನೂ ಊರಿನ ಧರ್ಮಾಧ್ಯಕ್ಷನು ಸ್ವಹಸ್ತದಿಂದ ಒಪ್ಪಿಕೊಂಡರೆ ಹಿಪ್ಪೋದ ಜನರು ಏನೆಂದುಕೊಂಡರೋ!

ಈ ಅಧ್ಯಾಯದಲ್ಲಿಯ ಒಂದು ಪ್ರಾರ್ಥನೆಯಿಂದ ದೊಡ್ಡ ವಾದವೇ ಹುಟ್ಟಿತು. ದೇವರು ಏನನ್ನು ವಿಧಿಸುತ್ತಾನೋ ಅದನ್ನು ನಡೆಸುವ ಶಕ್ತಿಯನ್ನೂ ಅವನೇ ಕೊಡಬೇಕೆಂಬುದು ಅದರ ಭಾವ. ರೋಮಿನಲ್ಲಿದ್ದ ಪೆಲಾಜಿಯಸ್ ಎಂಬ ಸಂನ್ಯಾಸಿ ಇದನ್ನು ಕೇಳಿ ಸಿಡಿದೆದ್ದನು. ಹೀಗೆಂದರೆ ಮನುಷ್ಯರು ಸೋಮಾರಿಗಳಾಗುವರು. ಒಳ್ಳೆಯವರಾಗುವ ಶಕ್ತಿ ಅವರಲ್ಲಿಯೇ ಇದೆ ಎಂದು ಆತನ ಮತ. ಪೆಲಾಜಿಯಸನ ಮಾತಿನಲ್ಲಿ ಸತ್ತ್ವವಿಲ್ಲದಿಲ್ಲ. ಶಾಲೆಯಲ್ಲಿ ನಾವು ಮಕ್ಕಳಿಗೆ ಹೇಳುವುದು ಬಹುಮಟ್ಟಿಗೆ ಅದನ್ನೇ. ಆದರೆ ಅಂಜೂರದ ಮರದಡಿಯಲ್ಲಿ ಬಿದ್ದು ಅತ್ತವನಿಗೆ ಆ ಮಾತು ಒಪ್ಪಿಗೆಯಾಗುವಂತಿರಲಿಲ್ಲ. ಬಾಳಿನ ಕೊನೆಯ ಇಪ್ಪತ್ತು ವರ್ಷಗಳಲ್ಲಿ ಬಹುಭಾಗವನ್ನು ಅಗಸ್ಟೀನನು ಈ ವಾದಕ್ಕೇ ಮೀಸಲಿಟ್ಟನು.

ಆತನ ಜೀವನದಲ್ಲಿ ನಾವು ಒಪ್ಪಲಾಗದ ಒಂದು ಅಧ್ಯಾಯವೂ ಇದೆ. ಆಫ್ರಿಕಾದ ಕ್ರೈಸ್ತರಲ್ಲಿ ದೊನಾತಸನ ಪಂಗಡವೊಂದು ಬೇರೆಯಾಗಿದ್ದಿತು. ಮೊದಲು ಅವರನ್ನು ಮಾತಿನಿಂದಲೇ ಒಲಿಸಬೇಕೆನ್ನುತ್ತಿದ್ದ ಅಗಸ್ಟೀನನು, ಕ್ರಮೇಣ ಸರಕಾರದ ಬಲಾತ್ಕಾರವನ್ನೂ ಸಮರ್ಥಿಸಿದನು. ಕೊಲೆಗೈದವರಿಗೂ ಮರಣದಂಡನೆ ವಿಧಿಸಬಾರದೆಂದು ಅಧಿಕಾರಿಗಳಿಗೆ ಪತ್ರ ಬರೆದು ಬೇಡಿಕೊಂಡವನೂ ಆತನೇ ನಿಜ. ಆದರೂ ಕಣ್ಣೀರಿನಿಂದ ದೊರೆತ ವಿಶ್ವಾಸವನ್ನು ದಂಡದಿಂದ ಇತರರಿಗೆ ಕೊಡಿಸಬಹುದೆಂದು ಆತನು ಹೇಗೆ ನಂಬಿದನೋ ತಿಳಿಯದು. ಶಾಲೆಯ ಬೆತ್ತದಿಂದ ಪಾರುಮಾಡೆಂದು ಬೇಡಿದ ಬಾಲಕನನ್ನು ಆಗ ಆತನು ಮರೆತಿದ್ದನೆಂದೇ ಹೇಳಬೇಕು. ಆ ವಾದವನ್ನು ಮುಂದಿನ ಶತಮಾನಗಳಲ್ಲಿ ಎಷ್ಟೋ ಜನ ಅಧಿಕಾರಿಗಳು ದುರುಪಯೋಗಪಡಿಸಿಕೊಂಡರು.

410ರಲ್ಲಿ ಗಾಥರು ರೋಮನ್ನು ಸೂರೆಗೊಂಡರು. ಆ ದುರಂತದ ಹಿನ್ನೆಲೆಯಲ್ಲಿ 22 ಭಾಗಗಳ ದೇವನಗರ ಎಂಬ ಮಹಾಗ್ರಂಥವನ್ನು ಆತನು ರಚಿಸಿದನು. ಎಪ್ಪತ್ತು ದಾಟಿದ ಮೇಲೆ ಮತ್ತೊಂದು ಅಪರೂಪದ ಕೆಲಸ ಮಾಡಿದನು. ಅದುವರೆಗೆ ಬರೆದ 93 ಕೃತಿಗಳನ್ನು ಒಂದೊಂದಾಗಿ ಮತ್ತೆ ಪರಿಶೀಲಿಸಿ, ಎಲ್ಲಿ ತಪ್ಪಿದೆ, ಎಲ್ಲಿ ದುಡುಕಿದೆ ಎಂದು ಬರೆದಿಟ್ಟನು. ಬಾಳಿನ ತಪ್ಪುಗಳನ್ನು ಒಪ್ಪಿಸಿದ ಲೇಖನಿಯು ಬರಹದ ತಪ್ಪುಗಳನ್ನೂ ಬಿಡಲಿಲ್ಲ.

429ರಲ್ಲಿ ವಾಂಡಲರು ಸ್ಪೇನಿನಿಂದ ಆಫ್ರಿಕಾಕ್ಕೆ ದಾಟಿ ಊರುಗಳನ್ನು ಸುಡುತ್ತ ಮುಂದುವರಿದರು. ಮರುವರ್ಷ ಹಿಪ್ಪೋ ನಗರವನ್ನು ಮುತ್ತಿದರು. ಊರುಬಿಟ್ಟು ಬಂದ ನಿರಾಶ್ರಿತರಿಂದ ಪಟ್ಟಣವು ಕಿಕ್ಕಿರಿದಿದ್ದಿತು. ಮುತ್ತಿಗೆಯ ಮೂರನೆಯ ತಿಂಗಳಲ್ಲಿ ಅಗಸ್ಟೀನನಿಗೆ ಜ್ವರ ಬಂದಿತು. ಎಂಥ ಪುಣ್ಯವಂತನಾದರೂ, ಗುರುವಾದರೂ, ಪಶ್ಚಾತ್ತಾಪವಿಲ್ಲದೆ ದೇಹವನ್ನು ಬಿಡಬಾರದೆಂದು ಆತನು ಶಿಷ್ಯರಿಗೆ ಹೇಳುತ್ತಿದ್ದನು. ಈಗ ದಾವೀದನ ಕೀರ್ತನೆಗಳಲ್ಲಿ ಪಶ್ಚಾತ್ತಾಪಕ್ಕೆ ಸಂಬಂಧಿಸಿದವುಗಳನ್ನು ಹಾಳೆಗಳಲ್ಲಿ ಬರೆಯಿಸಿ, ಮಲಗಿದಲ್ಲಿಂದಲೇ ಕಾಣುವಂತೆ ಗೋಡೆಗೆ ತೂಗುಹಾಕಿಸಿದನು. ವೈದ್ಯರು ಬರುವ ವೇಳೆ, ಆಹಾರ ತರುವ ವೇಳೆಯ ಹೊರತು ಯಾರೂ ಒಳಗೆ ಬರಬಾರದೆಂದು ಅಪ್ಪಣೆ ಮಾಡಿದನು. ಸುಮಾರು ಹತ್ತು ದಿನಗಳ ಕಾಲ ಆ ಕೋಣೆಯಲ್ಲಿ ಒಬ್ಬನೇ ಮಲಗಿ, ಆ ಹಾಳೆಗಳನ್ನು ಓದುತ್ತ, ಅಳುತ್ತ, ಪ್ರಾರ್ಥಿಸುತ್ತ ಇದ್ದು, 430ನೆಯ ಇಸವಿಯ ಆಗಸ್ಟ್ 28ರಂದು ಪ್ರಾಣ ಬಿಟ್ಟನು. ಮುತ್ತಿಗೆ ಇನ್ನೂ ಬಹಳ ದಿನ ನಡೆಯಿತು. ಆತನ ಶಿಷ್ಯನೂ ಗೆಳೆಯನೂ ಆಗಿದ್ದ ಪೊಸ್ಸಿದಿಯಸನು ಆ ಕೊನೆಯ ದಿನಗಳಲ್ಲಿ ಅದೇ ಪಟ್ಟಣದಲ್ಲಿದ್ದು, ಇದನ್ನೆಲ್ಲ ಬರೆದಿಟ್ಟನು. ಉಯಿಲು ಬರೆಯಲು ಆತನ ಬಳಿ ಆಸ್ತಿಯಿರಲಿಲ್ಲ. ಚರ್ಚಿನ ಪುಸ್ತಕಗಳನ್ನು ಜೋಪಾನವಾಗಿ ಕಾಪಾಡಬೇಕೆಂಬುದೊಂದೇ ಆತನು ಬಿಟ್ಟುಹೋದ ಅಪ್ಪಣೆ. ಮುಂದೆ ಊರು ಬೆಂಕಿಗೆ ಆಹುತಿಯಾದರೂ ಆ ಪುಸ್ತಕಗಳು ಉಳಿದುವು.